ಮೀನಿನ ತೊಟ್ಟಿ, ಚಳಿ ಮತ್ತು ಪೆಟ್ಲುಪ್ಪಿನ ಚರಿತ್ರೆ



ಚರಿತ್ರೆ ಎಂದರೆ ರಾಜರು, ಯುದ್ಧಗಳು, ಶಾಸನಗಳು ಎಂದು ನಾವೇ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇವೆ. ಲೇಪಾಕ್ಷಿ ಒಂದು ಕಡೆ, ಪೆನುಕೊಂಡದ ಕೋಟೆ ಒಂದು ಕಡೆ, ನೊಳಂಬರ ಹೇಮಾವತಿ ಇನ್ನೊಂದು ಕಡೆ ಇರುವಾಗ ಅದು ಸಹಜವೂ ಹೌದು. ಆದರೆ ಈ ಸಲ ನಾವು ಬರೆಯುತ್ತಿರುವುದು ಕಣ್ಣಿಗೆ ಕಾಣದ ಒಂದು ಜೀವಿಯ ಚರಿತ್ರೆ. ಅದಕ್ಕೆ ಸಿಂಹಾಸನವಿಲ್ಲ, ಬಿರುದುಗಳಿಲ್ಲ. ಆದರೂ ಟಿಪ್ಪುವಿನ ರಾಕೆಟ್ಟಿಗೂ, ನಮ್ಮ ತರಗತಿಯ ಗಾಜಿನ ತೊಟ್ಟಿಯಲ್ಲಿ ಸತ್ತ ನಾಲ್ಕು ಮೀನುಗಳಿಗೂ ಅದು ಸಂಬಂಧಪಟ್ಟಿದೆ. ಈ ಚರಿತ್ರೆ ಮೊದಲೇ ತಿಳಿದಿದ್ದರೆ ಒಬ್ಬ ಹುಡುಗನನ್ನು ನಾವು ಸುಮ್ಮಸುಮ್ಮನೆ ಬೈಯುತ್ತಿರಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇವೆ.

ತೊಟ್ಟಿ ತೊಳೆದ ಕಥೆ

ಹನ್ನೆರಡು ವರ್ಷದ ಹಿಂದಿನ ಮಾತು. ಮಕ್ಕಳೆಲ್ಲ ಐದು ಹತ್ತು ರೂಪಾಯಿ ಸೇರಿಸಿ ಪೇಟೆಯಿಂದ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದರು. ತಳಕ್ಕೆ ಜಲ್ಲಿ, ಒಂದು ಸಣ್ಣ ಗಾಳಿ ಪಂಪು, ಸ್ಪಂಜಿನ ಫಿಲ್ಟರು, ನಾಲ್ಕು ಗೋಲ್ಡ್ ಫಿಶ್. ಜೂನ್ ತಿಂಗಳಿನಿಂದ ನವೆಂಬರ್ ತನಕ ಮೀನುಗಳು ಚೆನ್ನಾಗಿಯೇ ಇದ್ದವು. ಆರನೇ ತರಗತಿಯ ಒಬ್ಬ ಹುಡುಗ ದಿನಕ್ಕೆ ಎರಡು ಸಲ ಕಾಳು ಹಾಕುವ ಕೆಲಸ ವಹಿಸಿಕೊಂಡಿದ್ದ.

ಡಿಸೆಂಬರಿನಲ್ಲಿ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ತೊಟ್ಟಿ ಪಾಚಿ ಹಿಡಿದಿದೆ, ಚೊಕ್ಕವಾಗಿ ಕಾಣಬೇಕು ಎಂದು ನಾವು ಶನಿವಾರ ಮಧ್ಯಾಹ್ನ ನೀರನ್ನೆಲ್ಲ ಚೆಲ್ಲಿಸಿದೆವು. ಜಲ್ಲಿಯನ್ನು ಬಕೆಟ್ಟಿಗೆ ಹಾಕಿ ಅಕ್ಕಿ ತೊಳೆದ ಹಾಗೆ ಏಳೆಂಟು ನೀರಿನಲ್ಲಿ ತೊಳೆದೆವು. ಸ್ಪಂಜನ್ನು ಸೋಪು ಹಚ್ಚಿ ಹಿಂಡಿದೆವು. ಹೊಸದಾಗಿ ಬೋರ್‌ವೆಲ್ ನೀರು ತುಂಬಿಸಿ ಮೀನುಗಳನ್ನು ಬಿಟ್ಟೆವು. ಗಾಜು ಫಳಫಳ ಹೊಳೆಯುತ್ತಿತ್ತು. ಮುಂದಿನ ಬುಧವಾರ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಶುಕ್ರವಾರ ಬೆಳಗ್ಗೆ ನೋಡಿದರೆ ನಾಲ್ಕೂ ತೇಲುತ್ತಿದ್ದವು.

"ಸಾರ್, ನೀರು ಮುಟ್ಟಿದರೆ ಕೈ ಜುಂ ಅನ್ನುತ್ತೆ ಸಾರ್, ಚಳಿಗೆ ಏನೋ ಆಗಿದೆ" ಎಂದ ಆ ಹುಡುಗ. ಗೋಲ್ಡ್ ಫಿಶ್ ಚಳಿ ದೇಶದಲ್ಲೂ ಬದುಕುವ ಮೀನು, ಚಳಿಗೆ ಸಾಯುವುದಿಲ್ಲ ಎಂದು ನಮಗೆ ಗೊತ್ತಿತ್ತು. "ನೀನು ಕಾಳು ಜಾಸ್ತಿ ಹಾಕಿದ್ದೀಯ, ಅದಕ್ಕೇ ಸತ್ತಿವೆ" ಎಂದು ತರಗತಿಯ ಮುಂದೆಯೇ ಗದರಿದೆವು. ಅವನು ಮತ್ತೆ ಆ ತೊಟ್ಟಿಯ ಹತ್ತಿರ ಬರಲಿಲ್ಲ.

ನಮಗೆ ಗೊತ್ತಿದ್ದದ್ದು ಅರ್ಧ ಮಾತ್ರ. ಮೀನಿಗೆ ಚಳಿ ತಡೆಯುವ ಶಕ್ತಿ ಇತ್ತು, ಅದು ನಿಜ. ಆದರೆ ಮೀನನ್ನು ಕಾಪಾಡುತ್ತಿದ್ದವರು ಬೇರೆ ಇದ್ದರು, ಮತ್ತು ಚಳಿ ಅವರನ್ನು ಹಿಡಿದಿತ್ತು. ಅವರು ಯಾರು ಎಂದು ಮನುಷ್ಯರಿಗೆ ಗೊತ್ತಾಗಲು ಎಷ್ಟು ಕಾಲ ಹಿಡಿಯಿತು ಎಂಬುದೇ ಈ ಲೇಖನದ ವಿಷಯ.

ತಂದೆಯ ಗಾಜಿನ ಪಾತ್ರೆ, 1850

ಮೀನನ್ನು ನೋಡಿ ಸಂತೋಷಪಡುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳ ಬಗ್ಗೆ, ಮೀನಿಗೆ ಮೇವು ಹಾಕಿ ಗಾಳದಲ್ಲಿ ಹಿಡಿಯುವ ವಿನೋದದ ಬಗ್ಗೆ ಒಂದು ಭಾಗವೇ ಇದೆ. ಶೃಂಗೇರಿಯ ತುಂಗೆಯ ಮೀನುಗಳಿಗೆ ಭಕ್ತರು ಇವತ್ತಿಗೂ ಪುರಿ ಹಾಕುತ್ತಾರೆ. ಆದರೆ ಹೊಳೆಯ ಮೀನಿನ ಕೊಳೆಯನ್ನು ಹೊಳೆಯೇ ಹೊತ್ತುಕೊಂಡು ಹೋಗುತ್ತದೆ. ನಾಲ್ಕು ಗಾಜಿನ ಗೋಡೆಯೊಳಗೆ, ನೀರು ಹರಿಯದೆ, ಮೀನು ಬದುಕುವುದು ಹೇಗೆ? ಈ ಪ್ರಶ್ನೆಯನ್ನು ವಿಜ್ಞಾನದ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ (1807-1867) ಮುಖ್ಯರು.

ಇವರು ಔಷಧ ತಯಾರಿಕೆಯ ಸಂಸ್ಥೆಯೊಂದರಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಗೆ ಮರಳು, ಕೆಸರು, ಕಲ್ಲು ಹಾಕಿ, ನೀರಿನ ಗಿಡವೊಂದನ್ನು ನೆಟ್ಟು, ಎರಡು ಸಣ್ಣ ಗೋಲ್ಡ್ ಫಿಶ್ ಬಿಟ್ಟರು. ಸ್ವಲ್ಪ ದಿನಕ್ಕೆ ಗಿಡದ ಎಲೆ ಕೊಳೆತು ನೀರು ಕದಡಿತು. ಆಗ ಐದಾರು ಕೊಳದ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತ ಎಲೆಯನ್ನು ತಿಂದು ನೀರನ್ನು ತಿಳಿಗೊಳಿಸಿದವು. 1850ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡ ಬಳಸುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ, ಬಸವನಹುಳು ಕಸ ಗುಡಿಸುತ್ತದೆ ಎಂಬುದು ಅವರ ಲೆಕ್ಕ. ಮುಂದೆ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಮಾತು ಮನೆಮನೆಗೂ ಹೋಯಿತು.

ವಾರಿಂಗ್ಟನ್ನರ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಪೂರ್ತಿಯಾಗಿರಲಿಲ್ಲ. ಮೀನು ಕಿವಿರಿನ ಮೂಲಕ ಅಮೋನಿಯಾವನ್ನೂ ಹೊರಹಾಕುತ್ತದೆ. ತಿನ್ನದೆ ಉಳಿದ ಕಾಳು, ಹಿಕ್ಕೆ, ಕೊಳೆತ ಎಲೆ ಇವೆಲ್ಲವುಗಳಿಂದಲೂ ಕೊನೆಗೆ ಬರುವುದು ಅಮೋನಿಯಾವೇ. ಅದು ಮೀನಿಗೆ ವಿಷ. ಗಿಡಗಳು ಅದರಲ್ಲಿ ಸ್ವಲ್ಪವನ್ನು ಹೀರುತ್ತವೆ, ನಿಜ. ಉಳಿದದ್ದನ್ನು ಯಾರು ತೆಗೆಯುತ್ತಾರೆ? ಉತ್ತರ ಅವರ ಪಾತ್ರೆಯ ತಳದ ಮರಳಿನಲ್ಲೇ ಇತ್ತು. ಅದು ಅವರ ಮಗನ ಕಾಲಕ್ಕೆ ಸಿಗಬೇಕಿತ್ತು. ಅದಕ್ಕೆ ಮೊದಲು ನಾವು ನಮ್ಮ ಊರಿನ ಹಳೆಯ ಗೋಡೆಗಳ ಬುಡಕ್ಕೆ ಬರಬೇಕು. ಏಕೆಂದರೆ ಆ ಕಾಣದ ಜೀವಿಗಳ ಕೆಲಸದ ಫಲವನ್ನು ನಮ್ಮ ಜನ ಶತಮಾನಗಳಿಂದ ಬುಟ್ಟಿಯಲ್ಲಿ ತುಂಬಿಕೊಳ್ಳುತ್ತಿದ್ದರು.

ಗೋಡೆಯ ಬುಡದ ಬಿಳಿ ಪುಡಿ

ಹಳೆಯ ಮಣ್ಣಿನ ಗೋಡೆಯ ಬುಡದಲ್ಲಿ, ದನ ಕಟ್ಟುವ ಕೊಟ್ಟಿಗೆಯ ಮೂಲೆಯಲ್ಲಿ, ಬೇಸಿಗೆ ಬಂದಾಗ ಬಿಳಿ ಪುಡಿ ಹೂವಿನಂತೆ ಅರಳುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದೇವೆ. ನಾಲಿಗೆಗೆ ತಾಗಿಸಿದರೆ ಉಪ್ಪುಪ್ಪಾಗಿ, ತಣ್ಣಗೆ ಇರುತ್ತದೆ. ಇದರಲ್ಲಿ ಪೆಟ್ಲುಪ್ಪಿನ ಅಂಶವಿರುತ್ತದೆ. ತೆಲುಗಿನವರು ಪೆಟ್ಲುಪ್ಪನ್ನು ಸೂರೇಕಾರಂ ಎನ್ನುತ್ತಾರೆ. ರಸಾಯನಶಾಸ್ತ್ರದಲ್ಲಿ ಪೊಟ್ಯಾಸಿಯಂ ನೈಟ್ರೇಟ್. ಮದ್ದುಗುಂಡಿನ ಕರಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಇದೇ. ಉಳಿದದ್ದು ಇದ್ದಿಲು ಮತ್ತು ಗಂಧಕ.

ಇದನ್ನು ತೆಗೆಯುವ ವಿಧಾನ ಹೀಗೆ. ಬಿಳಿ ಹೂವು ಬಂದ ಮಣ್ಣನ್ನು ಕೆರೆದು ತರುವುದು. ತಳದಲ್ಲಿ ಹುಲ್ಲು ಹಾಸಿದ ಗುಂಡಿಗೋ ಮಡಕೆಗೋ ತುಂಬಿ ಮೇಲಿಂದ ನೀರು ಸುರಿದು, ಕೆಳಗೆ ಬಸಿದ ನೀರನ್ನು ಹಿಡಿಯುವುದು. ಸೌದೆಯ ಬೂದಿ ಸೇರಿಸುವುದು. ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಆಮೇಲೆ ಆ ನೀರನ್ನು ಕಾಯಿಸಿ ಬತ್ತಿಸಿ ತಣ್ಣಗಾಗಲು ಬಿಡುವುದು. 100 ಗ್ರಾಂ ಕುದಿಯುವ ನೀರಿನಲ್ಲಿ ಸುಮಾರು 245 ಗ್ರಾಂ ಪೆಟ್ಲುಪ್ಪು ಕರಗುತ್ತದೆ. ಅದೇ ನೀರು 20 ಡಿಗ್ರಿಗೆ ಇಳಿದರೆ ಸುಮಾರು 32 ಗ್ರಾಂ ಮಾತ್ರ ಕರಗಿರಬಲ್ಲದು. ಉಳಿದದ್ದೆಲ್ಲ ಸೂಜಿಯಂಥ ಹರಳಾಗಿ ಬೀಳುತ್ತದೆ. ಅಡುಗೆ ಉಪ್ಪಿಗೆ ಈ ಗುಣವಿಲ್ಲ, ಬಿಸಿಯಲ್ಲೂ ತಣ್ಣನೆಯಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕರಗುತ್ತದೆ. ಹಾಗಾಗಿ ಅದು ನೀರಿನಲ್ಲೇ ಉಳಿದು, ಪೆಟ್ಲುಪ್ಪು ಬೇರೆಯಾಗುತ್ತದೆ. ಓದು ಬರಹ ಬಾರದವರು ಎಷ್ಟು ನಾಜೂಕಾದ ರಸಾಯನಶಾಸ್ತ್ರ ನಡೆಸುತ್ತಿದ್ದರು ನೋಡಿ!

ಬಿಹಾರದಲ್ಲಿ ನೂನಿಯಾ ಜನ ಈ ಕೆಲಸ ಮಾಡುತ್ತಿದ್ದರು. ಅಲ್ಲಿನ ಪೆಟ್ಲುಪ್ಪಿಗಾಗಿ ಯುರೋಪಿನ ಕಂಪನಿಗಳು ಪೈಪೋಟಿ ನಡೆಸಿದವು. ಪ್ಲಾಸಿ ಕದನ ಮುಗಿದ ಮರುವರ್ಷ, 1758ರಲ್ಲಿ, ಇಂಗ್ಲಿಷರು ಅದರ ವ್ಯಾಪಾರದ ಏಕಸ್ವಾಮ್ಯವನ್ನೇ ಪಡೆದುಕೊಂಡರು. ನಮ್ಮ ಕಡೆ ಚೌಳುಮಣ್ಣಿನಿಂದ ಉಪ್ಪು, ಪೆಟ್ಲುಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಹೆಸರೇ ಅದನ್ನು ಹೇಳುತ್ತದೆ. ಮುಂದೆ ಬ್ರಿಟಿಷರ ಉಪ್ಪಿನ ಕಾಯ್ದೆಗಳು ಬಿಗಿಯಾದಾಗ ಮಣ್ಣಿನಿಂದ ಉಪ್ಪು ತೆಗೆಯುವುದೇ ಅಪರಾಧವಾಯಿತು. ಉಪ್ಪಾರರು ಕೆರೆ ಕೆಲಸ, ಮಣ್ಣು ಕೆಲಸ, ಕಟ್ಟಡದ ಕೆಲಸಗಳಿಗೆ ಹೋದರು. ಹೈದರ್ ಮತ್ತು ಟಿಪ್ಪು ಕಾಲದ ಮೈಸೂರಿನ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು 1780ರ ಪೊಲ್ಲಿಲೂರು ಕದನದಲ್ಲಿ ಹಾರಿಸಿ ಇಂಗ್ಲಿಷರನ್ನು ಕಂಗೆಡಿಸಿದ್ದನ್ನು ನಾವು ಪಾಠದಲ್ಲಿ ಓದುತ್ತೇವೆ. ಆ ಕೊಳವೆಯೊಳಗಿದ್ದ ಮದ್ದಿಗೆ ಪೆಟ್ಲುಪ್ಪು ಬೇಕೇ ಬೇಕಿತ್ತು. ಅದು ಮಣ್ಣಿನಿಂದ ಬರುವಂಥದ್ದು. ಮಣ್ಣಿನೊಳಗೆ ಅದನ್ನು ಮಾಡುತ್ತಿದ್ದವರು ಯಾರು?

ಯುರೋಪಿನಲ್ಲೂ ಪೆಟ್ಲುಪ್ಪಿಗೆ ಪರದಾಟವಿತ್ತು. ಅಲ್ಲಿ ಗೊಬ್ಬರ, ಮಣ್ಣು, ಸುಣ್ಣ ಬೆರೆಸಿ ದಿಬ್ಬ ಮಾಡಿ, ಮೂತ್ರ ಸುರಿದು, ಆಗಾಗ ತಿರುವಿ ಹಾಕಿ, ಒಂದೆರಡು ವರ್ಷ ಕಾಯುತ್ತಿದ್ದರು. 1775ರಲ್ಲಿ ಫ್ರಾನ್ಸ್ ದೇಶ ಮದ್ದಿನ ಉಸ್ತುವಾರಿಗೆ ನೇಮಿಸಿದವರಲ್ಲಿ ಆಮ್ಲಜನಕಕ್ಕೆ ಹೆಸರಿಟ್ಟ ಲಾವೋಸಿಯೇ ಕೂಡ ಒಬ್ಬರು. ಅಷ್ಟು ದೊಡ್ಡ ವಿಜ್ಞಾನಿ ಕೈಹಾಕಿದರೂ ಬಿಹಾರದ ಮಣ್ಣು ತಾನಾಗಿ ಕೊಡುತ್ತಿದ್ದಷ್ಟು ಸುಲಭವಾಗಿ ಫ್ರಾನ್ಸಿನ ದಿಬ್ಬ ಕೊಡಲಿಲ್ಲ. ಬೇಸಿಗೆಯ ಒಣಹವೆ ಉಪ್ಪನ್ನು ಮೇಲಕ್ಕೆಳೆಯುತ್ತದೆ, ಇದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ನೆಲದ ಬೆಚ್ಚಗಿನ ಗುಣ. ಅದು ಏಕೆ ಮುಖ್ಯ ಎಂಬುದು ನೂರು ವರ್ಷದ ನಂತರ ತಿಳಿಯಿತು.

ಇಪ್ಪತ್ತು ದಿನದ ಕಾಯುವಿಕೆ, 1877

ಅಮೋನಿಯಾ ಆಮ್ಲಜನಕದೊಡನೆ ಸೇರಿ ನೈಟ್ರೇಟ್ ಆಗುವುದು ಬರಿಯ ರಾಸಾಯನಿಕ ಕ್ರಿಯೆ ಎಂದು ಬಹುಜನ ನಂಬಿದ್ದ ಕಾಲ. ಫ್ರಾನ್ಸಿನಲ್ಲಿ ಪಾಶ್ಚರ್ ಅವರು ಹುಳಿ ಬರುವುದೂ ಹುದುಗುವುದೂ ಸೂಕ್ಷ್ಮಜೀವಿಗಳಿಂದ ಎಂದು ತೋರಿಸಿದ ಮೇಲೆ ಇದೂ ಹಾಗೆಯೇ ಇರಬಹುದೇ ಎಂಬ ಅನುಮಾನ ಹುಟ್ಟಿತು. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು ಪರೀಕ್ಷೆ ಮಾಡಿ ನೋಡಿದರು.

ಉದ್ದನೆಯ ಗಾಜಿನ ಕೊಳವೆಗೆ ಸುಟ್ಟ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿದರು. ಮೇಲಿಂದ ಚರಂಡಿ ನೀರನ್ನು ನಿಧಾನವಾಗಿ ಬಿಟ್ಟರು. ಸುಮಾರು 20 ದಿನ ಏನೂ ಆಗಲಿಲ್ಲ. ಮೇಲಿಂದ ಹೋದ ಅಮೋನಿಯಾ ಕೆಳಗೆ ಹಾಗೆಯೇ ಬರುತ್ತಿತ್ತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ದಿನದಿನಕ್ಕೆ ಹೆಚ್ಚಿತು, ಅಮೋನಿಯಾ ಇಲ್ಲವೇ ಇಲ್ಲ ಎಂಬಂತಾಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತು, 20 ದಿನ ಕಾಯಬೇಕಾಗಿರಲಿಲ್ಲ. ಯಾವುದೋ ಜೀವಿ ಬಂದು, ನೆಲೆಯೂರಿ, ಬೆಳೆಯಲು ಹಿಡಿದ ಸಮಯ ಅದು. ಇನ್ನೂ ಖಚಿತ ಮಾಡಿಕೊಳ್ಳಲು ಕ್ಲೋರೋಫಾರ್ಮ್ ಹಾಯಿಸಿದರು. ನೈಟ್ರೇಟ್ ಬರುವುದು ನಿಂತುಹೋಯಿತು. ಕ್ಲೋರೋಫಾರ್ಮನ್ನು ತೆಗೆದರೂ ಮತ್ತೆ ಶುರುವಾಗಲಿಲ್ಲ. ಸ್ವಲ್ಪ ತೋಟದ ಮಣ್ಣನ್ನು ನೀರಿನಲ್ಲಿ ಕದಡಿ ಹಾಕಿದರು. ಕೆಲವೇ ದಿನದಲ್ಲಿ ನೈಟ್ರೇಟ್ ಮತ್ತೆ ಬಂತು. ಹೆಪ್ಪು ಹಾಕಿದ ಹಾಗೆ!

ಇವರಿಬ್ಬರೂ ಮುಂದೆ ಉಷ್ಣತೆಯನ್ನೂ ಪರೀಕ್ಷಿಸಿದರು. ನಮ್ಮ ಕಥೆಗೆ ಬೇಕಾದದ್ದು ಇದೇ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಕೆಲಸ ನಡೆಯುವುದೇ ಕಷ್ಟ. 12 ಡಿಗ್ರಿಯಲ್ಲಿ ಕಣ್ಣಿಗೆ ಬೀಳುವಷ್ಟು ನಡೆಯುತ್ತದೆ. 37 ಡಿಗ್ರಿಯಲ್ಲಿ ಅತಿ ಹೆಚ್ಚು. 55 ಡಿಗ್ರಿಯಲ್ಲಿ ಪೂರಾ ನಿಲ್ಲುತ್ತದೆ. ಈ ಅಂಕಿಗಳನ್ನು ಇಟ್ಟುಕೊಂಡು ಪ್ಯಾರಿಸ್ಸಿನ ಜನವರಿಯನ್ನೂ ಬಿಹಾರದ ಮೇ ತಿಂಗಳನ್ನೂ ನೆನೆಸಿಕೊಳ್ಳಿ. ನಮ್ಮ ಕಲ್ಯಾಣದುರ್ಗದ ಕಡೆಯ ಬಿಸಿಲನ್ನೂ ನೆನೆಸಿಕೊಳ್ಳಿ. ಕೊಟ್ಟಿಗೆಯ ಮಣ್ಣು ಪೆಟ್ಲುಪ್ಪು ಕೊಡುತ್ತಿದ್ದುದರ ಗುಟ್ಟು ಅರ್ಥವಾಗುತ್ತದೆ. ಮದ್ದಿಗಾಗಿ ನಡೆದ ಕಂಪನಿಗಳ ಪೈಪೋಟಿಯ ಹಿಂದೆ, ಚಳಿಯನ್ನು ಸಹಿಸದ ಈ ಸಣ್ಣ ಜೀವಿಯ ಸ್ವಭಾವವೂ ಒಂದು ಕಾರಣವಾಗಿತ್ತು ಎಂದರೆ ಆಶ್ಚರ್ಯವಲ್ಲವೇ?

ಮಗನ ಸರದಿ

ಈಗ ಲಂಡನ್ನಿಗೆ ವಾಪಸು ಹೋಗೋಣ. ಗೋಲ್ಡ್ ಫಿಶ್ ಸಾಕಿದ ವಾರಿಂಗ್ಟನ್ನರಿಗೆ ಒಬ್ಬ ಮಗನಿದ್ದ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ (1838-1907). ಅವರೂ ರಸಾಯನಶಾಸ್ತ್ರಜ್ಞರಾಗಿ 1876ರಿಂದ ರೋಥಾಮ್‌ಸ್ಟೆಡ್ ಎಂಬಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಫ್ರೆಂಚರ ಪರೀಕ್ಷೆಯನ್ನು ಓದಿ ತಾವೂ ಅದೇ ದಾರಿ ಹಿಡಿದರು. ಈ ಕೆಲಸ ಕತ್ತಲೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಬೆಳಕು ಅದಕ್ಕೆ ಅಡ್ಡಿ ಎಂದು ಕಂಡುಕೊಂಡರು. ಅದಕ್ಕಿಂತ ದೊಡ್ಡ ವಿಷಯವೆಂದರೆ ಇದು ಎರಡು ಮೆಟ್ಟಿಲಿನ ಕೆಲಸ ಎಂದು ತೋರಿಸಿದ್ದು. ಒಂದು ಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾದ ಹಾಗೆ ನೈಟ್ರೈಟೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯವಿಲ್ಲ. ನೀರು ಬದಲಿಸಿದರೆ ಸಾಕು.

ತಂದೆ 1850ರಲ್ಲಿ ತನ್ನ ಪಾತ್ರೆಯ ಲೆಕ್ಕದಲ್ಲಿ ಬಿಟ್ಟಿದ್ದ ಜಾಗವನ್ನು ಮಗ ಹೊಲದ ಮಣ್ಣಿನಲ್ಲಿ ತುಂಬಿದ ಹಾಗಾಯಿತು. ತಂದೆ ಆಗಲೇ ತೀರಿಕೊಂಡು ವರ್ಷಗಳಾಗಿದ್ದವು.

ಮಗನಿಗೂ ಆ ಜೀವಿಗಳನ್ನು ಬೇರೆ ಮಾಡಿ ಹಿಡಿಯಲಾಗಲಿಲ್ಲ. ಅದನ್ನು ಮಾಡಿದವರು ರಷ್ಯಾದ ಸೆರ್ಗೈ ವಿನೋಗ್ರಾಡ್‌ಸ್ಕಿ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 1890ರಲ್ಲಿ ಅವರು ಅವುಗಳನ್ನು ಬೇರ್ಪಡಿಸಿದರು. ಉಳಿದವರೆಲ್ಲ ಬ್ಯಾಕ್ಟೀರಿಯಾಗಳಿಗೆ ಮಾಂಸದ ಸಾರು, ಜೆಲಾಟಿನ್ ಕೊಟ್ಟು ಬೆಳೆಸಲು ನೋಡುತ್ತಿದ್ದರು. ಇವರು ಅಂಥ ಊಟವನ್ನೇ ಕೊಡಲಿಲ್ಲ. ಅಮೋನಿಯಾ, ಸ್ವಲ್ಪ ಖನಿಜ, ಗಾಳಿ ಇಷ್ಟೇ. ಅಷ್ಟರಲ್ಲೇ ಅವು ಬೆಳೆದವು! ಗಿಡಗಳು ಸೂರ್ಯನ ಬೆಳಕಿನಿಂದ ಪಡೆಯುವ ಶಕ್ತಿಯನ್ನು ಇವು ಅಮೋನಿಯಾವನ್ನು ಸುಟ್ಟು ಪಡೆಯುತ್ತವೆ. ಆ ಶಕ್ತಿ ಬಹಳ ಕಡಿಮೆ. ಆದ್ದರಿಂದಲೇ ಇವು ನಿಧಾನವಾಗಿ ಬೆಳೆಯುತ್ತವೆ. ಮನುಷ್ಯನ ಕರುಳಿನ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೆ ಎರಡಾಗುತ್ತದೆ. ಇವುಗಳಿಗೆ ಎಲ್ಲ ಅನುಕೂಲವಿದ್ದರೂ ಹಲವು ಗಂಟೆಗಳು ಬೇಕು, ಕೆಲವೊಮ್ಮೆ ಒಂದು ದಿನವೇ ಬೇಕು.

ಮದರಾಸಿನ ಮೀನುಮನೆ

1909ನೇ ಇಸವಿ. ಆಗ ನಮ್ಮ ಹಿಂದೂಪುರ, ಕಲ್ಯಾಣದುರ್ಗ ಎರಡೂ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿದ್ದವು. (2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.) ಆ ವರ್ಷ ಮದರಾಸಿನ ಮರೀನಾ ತೀರದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಅದರ ಯೋಜನೆಯ ಹಿಂದೆ ಮದರಾಸು ಮ್ಯೂಸಿಯಂನ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ ಇದ್ದರು. ಅದೇ 1909ರಲ್ಲಿ ಅವರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳೂ ಹೊರಬಂದವು. ಉಪ್ಪಾರರ ಬಗ್ಗೆ, ಮಣ್ಣಿನಿಂದ ಉಪ್ಪು ತೆಗೆಯುವ ಅವರ ಕಸುಬಿನ ಬಗ್ಗೆ ಅದರಲ್ಲಿ ಬರೆದಿದ್ದಾರೆ.

ಒಬ್ಬನೇ ಮನುಷ್ಯನ ಮೇಜಿನ ಮೇಲೆ ಮೀನಿನ ತೊಟ್ಟಿಯ ನಕ್ಷೆ ಮತ್ತು ಉಪ್ಪಾರರ ಕಸುಬು ಎರಡೂ ಇದ್ದವು. ಎರಡರ ಹಿಂದೆಯೂ ಇದ್ದದ್ದು ಒಂದೇ ಬಗೆಯ ಜೀವಿಗಳು. ಚರಿತ್ರೆ ಓದುವಾಗ ನಮಗೆ ಬಹಳ ಇಷ್ಟವಾಗುವುದು ಇಂಥ ಜಾಗಗಳು. ಸಮುದ್ರತೀರದ ಮದರಾಸಿನಲ್ಲಿ ಚಳಿಯ ಕಾಟ ಕಡಿಮೆ. ನಮ್ಮ ಎತ್ತರದ ಸೀಮೆಯಲ್ಲಿ ಹಾಗಲ್ಲ. ಹಿಂದೂಪುರದಿಂದ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಅಷ್ಟಿಲ್ಲದಿದ್ದರೂ ಡಿಸೆಂಬರಿನಲ್ಲಿ ನಮ್ಮ ಊರಿನಲ್ಲೂ ಕಂಬಳಿ ಬೇಕು.

ತೊಟ್ಟಿಯಲ್ಲೇ ಸಿಕ್ಕ ಹೊಸಬರು

ವಿನೋಗ್ರಾಡ್‌ಸ್ಕಿ ನಂತರ ನೂರು ವರ್ಷ ಪುಸ್ತಕಗಳಲ್ಲಿ ಎರಡೇ ಹೆಸರು ಹೆಚ್ಚಾಗಿ ಓದಿಸಲಾಯಿತು. ನೈಟ್ರೋಸೋಮೊನಾಸ್ ಮೊದಲ ಮೆಟ್ಟಿಲು, ನೈಟ್ರೋಬ್ಯಾಕ್ಟರ್ ಎರಡನೆಯ ಮೆಟ್ಟಿಲು. ನಾವೂ ಹಾಗೇ ಓದಿದ್ದು. ಆದರೆ ಮುಂದಿನ ಕಥೆ ಅಕ್ವೇರಿಯಂಗಳಿಂದಲೇ ಬಂದಿತು. 1998ರಲ್ಲಿ ಅಮೆರಿಕದ ಟಿಮೊಥಿ ಹೊವಾನೆಕ್ ಮತ್ತು ಸಂಗಡಿಗರು ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಮೆಟ್ಟಿಲಿನ ಕೆಲಸ ಮಾಡುತ್ತಿರುವುದು ನೈಟ್ರೋಸ್ಪೈರಾ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತೋರಿಸಿದರು. 2005ರಲ್ಲಿ ಸಿಯಾಟಲ್ ನಗರದ ಅಕ್ವೇರಿಯಂನ ಜಲ್ಲಿಯಿಂದ ಅಮೋನಿಯಾ ತಿನ್ನುವ ಒಂದು ಆರ್ಕಿಯಾ ಸಿಕ್ಕಿತು. ಅದು ಬ್ಯಾಕ್ಟೀರಿಯಾ ಗುಂಪಿಗೇ ಸೇರದ ಬೇರೆ ಜೀವಿ. 2015ರಲ್ಲಿ ಎರಡೂ ಮೆಟ್ಟಿಲನ್ನು ಒಂದೇ ಜೀವಿ ಹತ್ತಬಲ್ಲದು ಎಂದು ಎರಡು ತಂಡಗಳು ಪ್ರಕಟಿಸಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ. ಮಗ ವಾರಿಂಗ್ಟನ್ ಎರಡು ಜೀವಿ ಎಂದಿದ್ದರು, ನೂರಿಪ್ಪತ್ತು ವರ್ಷದ ಮೇಲೆ ಒಂದೇ ಸಾಕು ಎಂದು ಗೊತ್ತಾಯಿತು. ಪಠ್ಯಪುಸ್ತಕವೂ ಕಲಿಯುತ್ತಲೇ ಇರಬೇಕು, ಮೇಷ್ಟ್ರೂ ಕಲಿಯುತ್ತಲೇ ಇರಬೇಕು.

ನಮ್ಮ ತೊಟ್ಟಿಯಲ್ಲಿ ಆದದ್ದೇನು?

ಈ ಉಪಕಾರಿ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ಕಡಿಮೆ. ಜಲ್ಲಿಗೆ, ಸ್ಪಂಜಿಗೆ, ಗಾಜಿಗೆ ಅಂಟಿಕೊಂಡು ಜಾರುವ ಪೊರೆಯಾಗಿ ಇರುತ್ತವೆ. ನಾವು ಕೊಳೆ ಎಂದು ಉಜ್ಜಿ ಉಜ್ಜಿ ತೆಗೆದದ್ದು ಅದನ್ನೇ. ಜೂನಿನಿಂದ ಆರು ತಿಂಗಳು ಕಟ್ಟಿಕೊಂಡಿದ್ದ ಸಂಸಾರವನ್ನು ಒಂದು ಮಧ್ಯಾಹ್ನ ಚರಂಡಿಗೆ ಬಿಟ್ಟೆವು. ಅವು ಮತ್ತೆ ಬೆಳೆಯಬೇಕಾದರೆ 25ರಿಂದ 28 ಡಿಗ್ರಿ ಬೆಚ್ಚಗಿನ ನೀರಿನಲ್ಲೇ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. 18 ಡಿಗ್ರಿಗೆ ಇಳಿದರೆ ಬೆಳವಣಿಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ, 8ರಿಂದ 10 ಡಿಗ್ರಿಗೆ ಬಂದರೆ ಕಾಲು ಭಾಗ, 4 ಡಿಗ್ರಿಗೆ ನಿಂತೇಹೋಗುತ್ತದೆ. ಚಳಿಗೆ ಅವು ಸಾಯುವುದಿಲ್ಲ, ಮುದುರಿಕೊಂಡು ಮಲಗುತ್ತವೆ. ಬೆಚ್ಚಗಾದರೆ ಏಳುತ್ತವೆ. ಹೆಪ್ಪುಗಟ್ಟುವುದು, ಒಣಗುವುದು, ಕ್ಲೋರಿನ್ ಇವು ಅವುಗಳನ್ನು ಕೊಲ್ಲುತ್ತವೆ.

ಆಮೇಲೆ ನಾವು ಶಾಲೆಯ ಥರ್ಮಾಮೀಟರ್ ಇಟ್ಟು ನೋಡಿದಾಗ ಡಿಸೆಂಬರಿನ ಬೆಳಗ್ಗೆ ತೊಟ್ಟಿಯ ನೀರು 18 ಡಿಗ್ರಿ ಇತ್ತು. ಅಂದರೆ ತೊಳೆದ ಮೇಲೆ ಉಳಿದಿದ್ದ ನಾಲ್ಕು ಬ್ಯಾಕ್ಟೀರಿಯಾಗಳಿಗೂ ಚಳಿ ಹಿಡಿದಿತ್ತು. ಗೋಲ್ಡ್ ಫಿಶ್‌ಗೆ 18 ಡಿಗ್ರಿ ಕಷ್ಟವೇ ಅಲ್ಲ, ಅವು ಮೊದಲಿನಂತೆಯೇ ತಿಂದವು, ಮೊದಲಿನಂತೆಯೇ ಅಮೋನಿಯಾ ಬಿಟ್ಟವು. ತೆಗೆಯುವವರು ಇರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಚಳಿಯಲ್ಲಿ ಅಮೋನಿಯಾದ ವಿಷವೂ ಸ್ವಲ್ಪ ಕಡಿಮೆಯಾಗುತ್ತದೆ. ನೀರಿನಲ್ಲಿರುವ ಅಮೋನಿಯಾದಲ್ಲಿ ಒಂದು ಪಾಲು ಮಾತ್ರ ನಿಜವಾದ ವಿಷದ ರೂಪದಲ್ಲಿರುತ್ತದೆ. ನೀರಿನ ಪಿಎಚ್ 8 ಇದ್ದರೆ 25 ಡಿಗ್ರಿಯಲ್ಲಿ ಆ ಪಾಲು ನೂರಕ್ಕೆ ಸುಮಾರು 5, 15 ಡಿಗ್ರಿಯಲ್ಲಿ ಸುಮಾರು ಎರಡೂವರೆ. ಆದರೆ ಪಿಎಚ್ 7 ಇದ್ದರೆ 25 ಡಿಗ್ರಿಯಲ್ಲೂ ನೂರಕ್ಕೆ ಅರ್ಧ ಮಾತ್ರ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಪಿಎಚ್ 8ರ ಹತ್ತಿರದ್ದು. ಚಳಿ ಕೊಟ್ಟ ರಿಯಾಯಿತಿಯನ್ನು ನೀರಿನ ಗುಣ ಕಿತ್ತುಕೊಂಡಿತು. ಇಷ್ಟೆಲ್ಲ ಸೇರಿ ನಾಲ್ಕು ಮೀನುಗಳು ಸತ್ತವು. ಕಾಳು ಹಾಕಿದ ಕೈಯ ತಪ್ಪು ಅದರಲ್ಲಿ ಇರಲಿಲ್ಲ. ಅವನು ಆರು ತಿಂಗಳು ಹಾಕಿದಷ್ಟನ್ನೇ ಆ ವಾರವೂ ಹಾಕಿದ್ದ. ಹೇಳಬೇಕಾದವರು ನಾವು: ಈ ವಾರ ಕಾಳು ಕಡಿಮೆ ಮಾಡಪ್ಪ ಎಂದು.

ಈಗ ನಮ್ಮ ಶಾಲೆಯ ತೊಟ್ಟಿಗೆ ಮಾಡಿಕೊಂಡಿರುವ ಕಟ್ಟುಪಾಡು ಇಷ್ಟು. ನೀರನ್ನು ಪೂರಾ ಎಂದೂ ಚೆಲ್ಲುವುದಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸುತ್ತೇವೆ. ಹೊಸ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಕೋಣೆಯಲ್ಲೇ ಇಟ್ಟು ಅದೇ ಉಷ್ಣತೆಗೆ ಬಂದ ಮೇಲೆ ಹಾಕುತ್ತೇವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತೇವೆ, ಸೋಪು ತಾಗಿಸುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಳು ದಿನಕ್ಕೆ ಒಂದೇ ಸಲ, ಅದೂ ಮೀನು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಚಳಿಗಾಲದಲ್ಲಿ ಹೊಸ ತೊಟ್ಟಿ ಶುರು ಮಾಡುವುದಿಲ್ಲ. ಮಾಡಲೇಬೇಕಾದರೆ ಹಳೆಯ ತೊಟ್ಟಿಯ ಒಂದು ಬೊಗಸೆ ಜಲ್ಲಿ ತಂದು ಹಾಕುತ್ತೇವೆ. ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಹಾಕಿದ ತೋಟದ ಮಣ್ಣಿನ ಹಾಗೆ ಅದು ಹೆಪ್ಪು. ಶಿವರಾತ್ರಿ ಕಳೆದು ಬಿಸಿಲು ಏರುವಾಗಲೂ ಎಚ್ಚರ ಬೇಕು. ಮೀನಿನ ಹಸಿವು ಒಂದೇ ದಿನದಲ್ಲಿ ಏರುತ್ತದೆ, ಬ್ಯಾಕ್ಟೀರಿಯಾ ಸಂಖ್ಯೆ ಏರಲು ವಾರಗಳು ಬೇಕು. ಆ ಸಂದಿಯಲ್ಲಿ ಕಾಳನ್ನು ನಿಧಾನವಾಗಿ ಹೆಚ್ಚಿಸಬೇಕು.

ಕೊನೆಗೆ ಆ ಹುಡುಗನ ವಿಷಯ. ಅವನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಹಬ್ಬಕ್ಕೆ ಊರಿಗೆ ಬಂದವನು ಹಿಂದೂಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಸಾರ್ ಚೆನ್ನಾಗಿದ್ದೀರಾ" ಎಂದು ಬ್ಯಾಗು ಕೆಳಗಿಟ್ಟು ಕಾಲು ಮುಟ್ಟಲು ಬಗ್ಗಿದ. ನಾವು ಕೈ ಹಿಡಿದುಕೊಂಡು ಮೀನಿನ ಮಾತು ತೆಗೆದೆವು. ತಪ್ಪು ನಮ್ಮದು ಕಣಪ್ಪ, ನಿನ್ನದಲ್ಲ, ನೀರು ತಣ್ಣಗಿದೆ ಅಂತ ನೀನು ಸರಿಯಾಗೇ ಹೇಳಿದ್ದೆ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಅಮ್ಮನ ಹತ್ತಿರ ಹೇಳಿ ಬಹಳ ಅತ್ತಿದ್ದೆ ಸಾರ್" ಎಂದ. ಆಮೇಲೆ ಬಸ್ಸು ಬಂತು.

ಮೇಷ್ಟ್ರು ತಪ್ಪು ಮಾಡಿದರೆ ಮಕ್ಕಳು ಬಹಳ ವರ್ಷ ಹೊರುತ್ತಾರೆ. ಅದಕ್ಕೇ ಇದನ್ನು ಬರೆದಿದ್ದೇವೆ. ನಿಮ್ಮ ಊರಿನಲ್ಲಿ ಹಿಂದೆ ಪೆಟ್ಲುಪ್ಪು ತೆಗೆಯುತ್ತಿದ್ದ ಜಾಗ, ಉಪ್ಪಿನ ಮಣ್ಣಿನ ದಿಬ್ಬ, ಅಥವಾ ಆ ಕೆಲಸ ಕಂಡ ಹಿರಿಯರು ಇದ್ದರೆ ಕೇಳಿ ಬರೆದಿಟ್ಟುಕೊಳ್ಳಿ, ನಮಗೂ ತಿಳಿಸಿ. ಮನೆಯಲ್ಲಿ ಮೀನು ಸಾಕಿದ್ದರೆ ಈ ಚಳಿಗಾಲ ತೊಟ್ಟಿಯನ್ನು ತುಂಬಾ ಚೊಕ್ಕ ಮಾಡಲು ಹೋಗಬೇಡಿ.